ಒಂದು ಕಡಲೆ, ಒಂದು ಬಟಾಣಿ

ಶೇಖರ ಮಾಸ್ಟ್ರ ಕೆಮಿಸ್ಟ್ರಿ ಕ್ಲಾಸಿಗೆ ಪುಸ್ತಕ ಬಿಟ್ಟು ಬಂದರೂ ನಡೆಯುತ್ತಿತ್ತು. ಹಸಿದು ಬಂದರೆ ಇನ್ನೂ ಒಳ್ಳೆಯದು. ಯಾಕೆಂದರೆ ಆ ಕ್ಲಾಸಿನಲ್ಲಿ ಕೊನೆಗೆ ಪಾಠವನ್ನೇ ತಿನ್ನಲಿಕ್ಕೆ ಸಿಗುತ್ತಿತ್ತು.

ಕ್ಲಾಸು ನಡೆಯುತ್ತಿದ್ದದ್ದು ಮುಂಬಯಿಯ ಗ್ರಾಂಟ್ ರೋಡಿನ ಒಂದು ಉಡುಪಿ ಹೋಟೆಲಿನ ಅಟ್ಟದ ಮೇಲೆ. ಅಕ್ಕಿ ಮೂಟೆ, ಎಣ್ಣೆ ಡಬ್ಬ, ಕೆಲಸದವರ ಹಾಸಿಗೆ ಸುರುಳಿ, ಇವುಗಳ ನಡುವೆ ಒಂದು ಕರಿಹಲಗೆ. ಭಾನುವಾರ ಮಧ್ಯಾಹ್ನ ಊಟದ ಗದ್ದಲ ಇಳಿದ ಮೇಲೆ ಒಬ್ಬೊಬ್ಬರೇ ಮರದ ಏಣಿ ಹತ್ತಿ ಬರುತ್ತಿದ್ದರು. ಎಲ್ಲರೂ ರಾತ್ರಿಶಾಲೆಯಲ್ಲಿ ಓದುವವರು. ಹಗಲು ಬಣ್ಣದ ಕಾರ್ಖಾನೆಯಲ್ಲೋ ಔಷಧಿ ಕಂಪನಿಯಲ್ಲೋ ಡ್ರಮ್ ಉರುಳಿಸುವವರು. ಮಾಸ್ಟ್ರೂ ಒಂದು ಕಾಲದಲ್ಲಿ ಇದೇ ಹೋಟೆಲಿನಲ್ಲಿ ಕಪ್ಪು ಬಸಿ ತೊಳೆದವರೇ. ರಾತ್ರಿಶಾಲೆಯಲ್ಲಿ ಕಲಿತು, ಬೆಳಗಿನ ಕಾಲೇಜಿಗೆ ಹೋಗಿ ಬಿ.ಎಸ್ಸಿ. ಮುಗಿಸಿ, ಈಗ ಹಗಲಿಗೆ ಫೋರ್ಟಿನ ಆಫೀಸೊಂದರಲ್ಲಿ ಕ್ಲರ್ಕು, ಸಂಜೆಗೆ ರಾತ್ರಿಶಾಲೆಯ ಸಾಯನ್ಸ್ ಮಾಸ್ಟರು. ಮದುವೆ ಆಗಿರಲಿಲ್ಲ. ಕೇಳಿದವರಿಗೆ, "ಕಾರ್ಬನ್ನಿಗೆ ನಾಲ್ಕು ಕೈ, ನನಗಿರುದು ಎರಡೇ, ಅದೂ ಚಾಕ್ ಹಿಡಿಯಲಿಕ್ಕೆ ಸಾಕಾಗುದಿಲ್ಲ" ಅನ್ನುತ್ತಿದ್ದರು.

ಭಾನುವಾರದ ಈ ಕ್ಲಾಸು ಯಾವ ಶಾಲೆಗೂ ಸೇರಿದ್ದಲ್ಲ. ಕಾರ್ಖಾನೆಯಲ್ಲಿ ಡ್ರಮ್ ಹೊರುವ ಹುಡುಗರು ಅದರೊಳಗೆ ಏನಿದೆ ಎಂದು ಓದುವ ಹಾಗಾಗಲಿ, ಅಷ್ಟು ಬಂದರೆ ಲ್ಯಾಬಿನ ಒಳಗೆ ಕಾಲಿಡಬಹುದು, ಅನ್ನುವುದು ಮಾಸ್ಟ್ರ ಆಸೆ. ಅದಕ್ಕೇ ಅವರು ಒಂದೇ ವಿಷಯ ಹಿಡಿದು ಕೂತಿದ್ದರು: ಚಿತ್ರ ನೋಡಿ ಹೆಸರು ಹೇಳುವುದು. ಕಾರ್ಬನ್ ಕಾರ್ಬನ್ ಕೈ ಹಿಡಿದು ನಿಂತ ಚಿತ್ರ ಬರೆದರೆ, ಆ ಪದಾರ್ಥಕ್ಕೆ ಶಾಸ್ತ್ರದ ಪ್ರಕಾರ ಏನು ಹೆಸರು?

ಕಲಿಸುವ ಕ್ರಮ ಮಾತ್ರ ಅವರದ್ದೇ. ಕೆಳಗಿನ ಅಡುಗೆ ಮನೆಯಿಂದ ನೆನೆಸಿದ ಕಡಲೆ ಒಂದು ಬೋಗುಣಿ, ನೆನೆಸಿದ ಬಟಾಣಿ ಒಂದು ಹಿಡಿ, ಹಿಡಿಸೂಡಿಯಿಂದ ಮುರಿದ ತೆಂಗಿನ ಕಡ್ಡಿ. ಕಡಲೆ ಅಂದರೆ ಕಾರ್ಬನ್. ಬಟಾಣಿ ಅಂದರೆ ಆಕ್ಸಿಜನ್. ಕಡ್ಡಿ ಅಂದರೆ ಅವುಗಳ ನಡುವಿನ ಬಂಧ. ಹೈಡ್ರೋಜನ್ನಿಗೆ ಕಾಳು ಇಲ್ಲ. "ಕಾರ್ಬನ್ನಿನ ಯಾವ ಕೈ ಖಾಲಿ ಉಂಟೋ ಅಲ್ಲೆಲ್ಲ ಹೈಡ್ರೋಜನ್ ನೇತಾಡ್ತಾ ಉಂಟು ಅಂತ ತಿಳ್ಕೊಳ್ಳಿ. ಬೆಳಗ್ಗಿನ ಲೋಕಲ್ಲಿನ ಬಾಗಿಲಲ್ಲಿ ಜನ ನೇತಾಡ್ತಾರಲ್ಲ, ಹಾಗೆ. ಅವರನ್ನು ಯಾರೂ ಲೆಕ್ಕ ಹಾಕುದಿಲ್ಲ, ಆದ್ರೆ ಇರ್ತಾರೆ."

ಗುಲ್ಬರ್ಗ ಕಡೆಯ ಖಂಡಪ್ಪನಿಗೆ ಕಡಲೆ ಬಟಾಣಿಗಳ ಮೇಲೆ ಬೇರೆಯದೇ ತಕರಾರು. ಅವನು ಬಿಲ್ಡಿಂಗ್ ಕೆಲಸ ಬಿಟ್ಟು ಔಷಧಿ ಕಂಪನಿಗೆ ಸೇರಿದವನು. "ಸರ, ನೆನದ ಮ್ಯಾಲ ಎರಡೂ ಒಂದs ಕಂಡಂಗ ಕಾಣ್ತಾವ್ರಿ. ಕಾರ್ಬನ್ ಯಾವ್ದು, ಆಕ್ಸಿಜನ್ ಯಾವ್ದು?"

"ಮುಟ್ಟಿ ನೋಡು ಮಾರಾಯ. ಕಡಲೆಗೆ ಮೂಗು ಉಂಟು. ಬಟಾಣಿಗೆ ಮೂಗಿಲ್ಲ."

"ಹಂಗಾದ್ರ ನಮ್ಮ ಮುಕಾದಮ ಪಕ್ಕಾ ಕಾರ್ಬನ್ ನೋಡ್ರಿ!" ಎಂದು ಖಂಡಪ್ಪ ತನ್ನ ಮೂಗನ್ನು ಮುಂದಕ್ಕೆ ಎಳೆದು ಮೇಸ್ತ್ರಿಯ ಮೂಗು ತೋರಿಸಿದ. ಅಟ್ಟವೆಲ್ಲ ನಕ್ಕಿತು.

ಮಾಸ್ಟ್ರು ಹಲಗೆಯ ಮೇಲೆ ಐದು ಕಾರ್ಬನ್ ಸಾಲಾಗಿ ಬರೆದು, ಎರಡನೆಯದಕ್ಕೆ ಕೆಳಗೆ ಎರಡು ಕಾರ್ಬನ್ನಿನ ಬಾಲ ಇಳಿಬಿಟ್ಟರು. ಅದನ್ನೇ ಕಡಲೆಯಲ್ಲಿ ಚುಚ್ಚಿ ತಟ್ಟೆಯ ಮೇಲೆ ಇಟ್ಟರು. "ಹೆಸರು?"

"ಐದು ಅದಾವ, ಪೆಂಟೇನ್. ಎರಡನೇದ್ದಕ್ಕ ಇಥೈಲ್ ಬಾಲ. ಎರಡು-ಇಥೈಲ್ ಪೆಂಟೇನ್. ಕಡ್ಲಿ ಕೊಡ್ರಿ, ತಿಂತೀನಿ."

"ತಿಂದ್ರೆ ತಪ್ಪನ್ನೇ ತಿಂತಿ ಮಾರಾಯ."

ಆಗ ಮೂಟೆಗೆ ಒರಗಿ ಕೂತಿದ್ದ ಚೆನ್ನಯ ಎದ್ದು ಬಂದ. ಕಣ್ಣು ಮುಚ್ಚಿ, ಬೆರಳುಗಳನ್ನು ಕಡಲೆಗಳ ಮೇಲೆ ಆಡಿಸಿದ. ಬಾಲದ ತುದಿಯನ್ನು ಒಂದು ಕೈಯಲ್ಲಿ, ಸಾಲಿನ ಆಚೆ ತುದಿಯನ್ನು ಇನ್ನೊಂದು ಕೈಯಲ್ಲಿ ಹಿಡಿದು ಮೇಲಕ್ಕೆತ್ತಿದ. ಕಡಲೆ ಸರ ನೆಟ್ಟಗಾಗಿ ಆರು ಕಾಳಿನದ್ದಾಯಿತು. ಮೊದಲು ಸಾಲಿನ ಯಜಮಾನನ ಹಾಗೆ ಮುಂದೆ ನಿಂತಿದ್ದ ಕಾಳು ಈಗ ಕೆಳಗೆ ಒಂಟಿಯಾಗಿ ನೇತಾಡುತ್ತಿತ್ತು.

"ಆರು ಉಂಟು. ಹೆಕ್ಸೇನ್. ಹತ್ತಿರದ ತುದಿಯಿಂದ ಎಣಿಸಿದ್ರೆ ಮೂರನೇದ್ರಲ್ಲಿ ಮಿಥೈಲ್. ಮೂರು-ಮಿಥೈಲ್ ಹೆಕ್ಸೇನ್."

ಮಾಸ್ಟ್ರ ಮುಖ ಅರಳಿತು. ಬರೆದದ್ದು ನೇರ ಕಂಡ ಮಾತ್ರಕ್ಕೆ ಅದೇ ಮುಖ್ಯ ಸರಪಳಿ ಅಲ್ಲ. ಅತಿ ದೂರದ ಎರಡು ತುದಿ ಹಿಡಿದು ಎತ್ತಬೇಕು, ಉಳಿದದ್ದು ತಾನಾಗಿ ಕವಲಾಗುತ್ತದೆ. ಇದನ್ನು ಅವರು ಎಷ್ಟು ಭಾನುವಾರ ಹೇಳಿದ್ದರೋ. ಕೈಗೆ ಇಳಿದದ್ದು ಈ ಒಬ್ಬನಿಗೆ.

"ಕಣ್ಣು ಯಾಕೆ ಮುಚ್ತಿ ಚೆನ್ನಯ?"

"ಕಣ್ಣು ಬಿಟ್ರೆ ಹಲಗೆ ಕಾಣ್ತದೆ ಮಾಸ್ಟ್ರೇ. ಹಲಗೆ ನೋಡಿದ್ರೆ ಮೋಸ ಹೋಗ್ತೇನೆ."

ಚೆನ್ನಯನಿಗೆ ಇಪ್ಪತ್ತು ದಾಟಿತ್ತು. ಕುರ್ಲಾದ ಒಂದು ಸಣ್ಣ ಬಣ್ಣದ ಕಾರ್ಖಾನೆಯಲ್ಲಿ ಡ್ರಮ್ ಹೊರುವ ಕೆಲಸ. ಊರಿನಿಂದ ಅವನನ್ನು ಕರೆತಂದವರು ಅವನ ತಾಯಿಯ ಅಣ್ಣ, ಮೋನಪ್ಪ ಮಾವ. ಮಾವ ಊರಿನಲ್ಲಿ ತಾಳೆಮರ ಹತ್ತಿ ಕಳ್ಳು ಇಳಿಸುತ್ತಿದ್ದವರು. ಮುಂಬಯಿಗೆ ಬಂದು ಹೋಟೆಲುಗಳಲ್ಲಿ ಹಿಟ್ಟು ರುಬ್ಬಿ ರುಬ್ಬಿ ಭುಜ ಸೋತು, ಈಗ ಒಂದು ಕ್ಯಾಂಟೀನಿನಲ್ಲಿದ್ದರು. ಕುರ್ಲಾದ ಚಾಳಿನ ಒಂದು ಖೋಲಿಯಲ್ಲಿ ಅವರು, ಅವರ ಮಗಳು ಅಕ್ಕು, ಚೆನ್ನಯ. ಮಾವನ ಮಗಳು ಅಂದ ಮೇಲೆ ಅಕ್ಕು ಚೆನ್ನಯನಿಗೇ ಅನ್ನುವುದು ಎಲ್ಲರಿಗೂ ಗೊತ್ತಿದ್ದ ಮಾತು. ಅಕ್ಕು ಚಾಳಿನಲ್ಲೇ ಹುಟ್ಟಿದವಳು, ಅವಳ ಕನ್ನಡಕ್ಕೆ ಅರ್ಧ ಹಿಂದಿ ಅಂಟಿಕೊಂಡಿತ್ತು. "ಡ್ರಮ್‌ವಾಲಾ ಸೆ ಶಾದಿ ನಹೀಂ. ಬಾವ ಲ್ಯಾಬ್ ಒಳಗೆ ಹೋಗ್ಲಿ, ಆಮೇಲೆ ನೋಡುವ" ಎಂದು ಚೆನ್ನಯನ ಮುಂದೆಯೇ ಹೇಳುತ್ತಿದ್ದಳು. ಹೇಳಿ, ಅವನ ಬುತ್ತಿಗೆ ಒಂದು ಮೀನು ಹೆಚ್ಚೇ ಹಾಕುತ್ತಿದ್ದಳು.

ಕಾರ್ಖಾನೆಯ ಲ್ಯಾಬಿನಲ್ಲಿ ಅಸಿಸ್ಟೆಂಟ್ ಜಾಗ ಖಾಲಿಯಾಗಿತ್ತು. ಹೊರಗಿನವರನ್ನು ತರುವ ಮೊದಲು ಒಳಗಿನವರನ್ನೇ ನೋಡುವ ಎಂದು ಅಲ್ಲಿಯ ಕೆಮಿಸ್ಟ್ ಸಾಹೇಬರು ಹೇಳಿದ್ದರು. ಚಿತ್ರ ಬರೆದು ಕೇಳುತ್ತಾರಂತೆ, ಹೆಸರು ಹೇಳಬೇಕಂತೆ. ಅಷ್ಟು ತಿಳಿದದ್ದೇ ಮೋನಪ್ಪ ಮಾವ ಊರಿನ ದಿಕ್ಕಿಗೆ ಕೈ ಮುಗಿದು ದೈವಕ್ಕೆ ಹರಕೆ ಹೇಳಿಕೊಂಡರು. ಅವರ ಮನೆಯ ದೈವವನ್ನು ಅವರು ಅಜ್ಜ ಅಂತಲೇ ಕರೆಯುವುದು. ಅಳಿಯನಿಗೆ ಕೆಲಸ ಆದರೆ ಇಲ್ಲೇ ಖೋಲಿಯಲ್ಲಿ ಅಜ್ಜನಿಗೆ ಅಗೆಲು ಬಡಿಸುತ್ತೇನೆ ಎಂದು. ಅಗೆಲು ಅಂದರೆ ಬಾಳೆಲೆಯಲ್ಲಿ ಅನ್ನ, ಕೋಳಿ ಸಾರು, ಚಕ್ಕುಲಿ, ವೀಳ್ಯ, ಪಕ್ಕದಲ್ಲಿ ಒಂದು ಪಾತ್ರೆ ಕಳ್ಳು. ಕಳ್ಳಿಲ್ಲದೆ ಅಗೆಲು ಇಲ್ಲ.

ಇಂಟರ್‌ವ್ಯೂ ವಾರದ ಮಧ್ಯೆ. ಅದರ ಹಿಂದಿನ ಭಾನುವಾರ ಮಾಸ್ಟ್ರು ಹೊಸ ಪಾಠ ತೆಗೆದರು. ಅದುವರೆಗೆ ಬೋಗುಣಿಯಲ್ಲೇ ಉಳಿಯುತ್ತಿದ್ದ ಬಟಾಣಿ ಮೊದಲ ಸಲ ಕೈಗೆ ಬಂತು.

"ಕಡಲೆಗೆ ಬಟಾಣಿ ಚುಚ್ಚಿ. ಬಟಾಣಿಯ ಇನ್ನೊಂದು ಕೈಯಲ್ಲಿ ಹೈಡ್ರೋಜನ್. ಈ ಜೋಡಿ ಎಲ್ಲಿ ಕಂಡ್ರೂ ಹೆಸರಿನ ಕೊನೆಗೆ 'ಆಲ್' ಹಾಕಿ. ಮೀಥೇನ್ ಇದ್ದದ್ದು ಮೆಥನಾಲ್. ಈಥೇನ್ ಇದ್ದದ್ದು ಇಥನಾಲ್. ಈ ಕುಟುಂಬಕ್ಕೇ ಆಲ್ಕೊಹಾಲ್ ಅಂತ ಹೆಸರು."

ಖಂಡಪ್ಪ ಮಂಡಿ ಮೇಲೆ ಎದ್ದು ಕೂತ. "ಆಲ್ಕೊಹಾಲ್ ಅಂದ್ರ ಅದs ಏನ್ರಿ ಸರ? ಕುಡ್ಯೂದು? ಇಷ್ಟ್ ದಿನಕ್ಕ ಒಂದು ಚಲೋ ಪಾಠ ತಗದ್ರಿ ನೋಡ್ರಿ!"

ಎಲ್ಲರೂ ನಕ್ಕರು, ಮಾಸ್ಟ್ರೂ ನಕ್ಕರು. "ಈಗ ಹೆಸರು ಕಲಿ ಮಾರಾಯ. ಅದರ ಗುಣ ಬರುವ ಭಾನುವಾರ" ಎಂದು ಚಾಕಿನ ಹುಡಿ ಕೊಡವಿದರು. ಇಂಟರ್‌ವ್ಯೂಗೆ ಚೆನ್ನಯನಿಗೆ ಬೇಕಾದ್ದು ಹೆಸರು. ಗುಣ ಹೇಳುತ್ತಾ ಕೂತರೆ ಇವತ್ತು ಕವಲಿನ ಅಭ್ಯಾಸ ಆಗುವುದಿಲ್ಲ. ಅಷ್ಟೇ ಅವರು ಯೋಚಿಸಿದ್ದು. ಬಟಾಣಿಯನ್ನು ಎಲ್ಲೆಲ್ಲೋ ಚುಚ್ಚಿ ಚುಚ್ಚಿ ಸಂಜೆಯವರೆಗೆ ಚೆನ್ನಯನಿಂದ ಹೆಸರು ಹೇಳಿಸಿದರು. ಆಮೇಲೆ ಎಲ್ಲರೂ ಸೇರಿ ಅಷ್ಟೂ ಆಲ್ಕೊಹಾಲನ್ನು ಉಪ್ಪು ಹಾಕಿ ತಿಂದರು.

ಗುರುವಾರ ಸಂಜೆ ಮಾಸ್ಟ್ರು ಕುರ್ಲಾ ಸ್ಟೇಷನ್ನಿನ ಬ್ರಿಜ್ ಮೇಲೆ ಜನರ ನಡುವೆ ತಳ್ಳಿಸಿಕೊಳ್ಳುತ್ತಾ ಬರುವಾಗ ಯಾರೋ ಹಿಂದಿನಿಂದ ಬಂದು ಅವರ ಚೀಲವನ್ನೇ ಕಸಿದುಕೊಂಡರು. ನೋಡಿದರೆ ಚೆನ್ನಯ. ನಗು ತುಟಿಯಲ್ಲಿ ನಿಲ್ಲುತ್ತಿಲ್ಲ.

"ಆಯ್ತು ಮಾಸ್ಟ್ರೇ! ನಾಳೆಯಿಂದ ಒಳಗೆ!"

"ಹೌದಾ? ಎಂತ ಕೇಳಿದ್ರು? ಹೇಳು ಹೇಳು, ಮೊದಲಿಂದ ಹೇಳು."

"ಮೊದಲು ಅದೇ, ಎರಡು-ಇಥೈಲ್ ಪೆಂಟೇನ್ ಅಂತ ಕಾಣುವ ಮೋಸದ್ದು. ಅಲ್ಲಿ ಕಡಲೆ ಎಲ್ಲಿ ಉಂಟು? ನಾನು ಕಣ್ಣು ಮುಚ್ಚಿ ಗಾಳಿಯಲ್ಲೇ ಎತ್ತಿದೆ. ಸಾಹೇಬ ನಗಾಡಿದ. 'ಅರೇ, ಆಂಖ್ ಖೋಲ್ ಕೆ ಬೋಲೋ' ಅಂದ. ನಾನು ಕಣ್ಣು ಬಿಡ್ಲೇ ಇಲ್ಲ. ಮೂರು-ಮಿಥೈಲ್ ಹೆಕ್ಸೇನ್ ಅಂದೆ. ಆಮೇಲೆ ಎಂತ ಕೇಳಿದ ಗೊತ್ತುಂಟಾ? ಹೊರಗೆ ಶೆಡ್ಡಿನಲ್ಲಿ ನಾನೇ ಉರುಳಿಸ್ತಿದ್ದ ಡ್ರಮ್ಮಿನದ್ದು!"

ಆ ಕಾರ್ಖಾನೆಯಲ್ಲಿ ಹಳೆಯ ಡ್ರಮ್ಮುಗಳನ್ನೇ ತಿರುಗಿ ತಿರುಗಿ ತುಂಬಿಸುತ್ತಿದ್ದರು. ಹಳೆಯ ಹೆಸರಿನ ಮೇಲೆ ಡಾಮರು ಬಳಿದು, ಬಿಳಿ ಬಣ್ಣದಲ್ಲಿ ಬರೀ ಸೂತ್ರ ಬರೆಯುವುದು. ಒಂದು ಕಾರ್ಬನ್, ಅದಕ್ಕೆ ಅಂಟಿದ ಆಕ್ಸಿಜನ್, ಸುತ್ತ ಹೈಡ್ರೋಜನ್. ಹೊರುವವರು ಅದನ್ನು 'ಸಫೇದ್ ಪಾನಿ', ಬಿಳಿ ನೀರು, ಅನ್ನುತ್ತಿದ್ದರು.

"ಇಷ್ಟು ವರ್ಷ ಹೆಗಲಲ್ಲಿ ಹೊತ್ತದ್ದು ಮಾಸ್ಟ್ರೇ, ಅದರ ಹೆಸರು ನನಗೆ ಗೊತ್ತಿರ್ಲಿಲ್ಲ. ಇವತ್ತು ನಾನೇ ಹೇಳಿದೆ. ಮೆಥನಾಲ್ ಅಂತ." ಅವನು ಬ್ರಿಜ್ಜಿನ ಮೇಲೆ ನಿಂತೇಬಿಟ್ಟ. ಹಿಂದಿನವರು ಬೈದುಕೊಂಡು ಸುತ್ತಿ ಹೋದರು. "ಭಾನುವಾರ ಕ್ಲಾಸಿಗೆ ಬರ್ಲಿಕ್ಕೆ ಆಗುದಿಲ್ಲ, ಲ್ಯಾಬ್ ಸಾಫ್ ಮಾಡ್ಲಿಕ್ಕುಂಟು. ಆದ್ರೆ ಸಂಜೆಗೆ ನೀವು ಖೋಲಿಗೆ ಬರ್ಲೇಬೇಕು. ಅಗೆಲು ಉಂಟು."

ಮಾಸ್ಟ್ರು ಅವನ ಬೆನ್ನಿಗೆ ಒಂದು ಗುದ್ದು ಕೊಟ್ಟರು.

ಆ ಭಾನುವಾರ ಮಾಸ್ಟ್ರು ಮಾತು ಕೊಟ್ಟ ಹಾಗೆ ಗುಣದ ಪಾಠ ಮಾಡಿದರು. ಚೆನ್ನಾಗಿಯೇ ಮಾಡಿದರು. ಒಂದು ಕಡಲೆ ಒಂದು ಬಟಾಣಿಯ ಮೆಥನಾಲನ್ನು ಬಲಗೈಯಲ್ಲಿ, ಎರಡು ಕಡಲೆ ಒಂದು ಬಟಾಣಿಯ ಇಥನಾಲನ್ನು ಎಡಗೈಯಲ್ಲಿ ಹಿಡಿದು, "ನೋಡ್ಲಿಕ್ಕೆ ಒಂದೇ, ವಾಸನೆಯೂ ಹತ್ತಿರ ಹತ್ತಿರ. ಎಡಗೈಯದ್ದನ್ನು ಜನ ಕುಡೀತಾರೆ. ಬಲಗೈಯದ್ದು ವಿಷ. ಎರಡು ಗುಟುಕು ಹೊಟ್ಟೆಗೆ ಹೋದ್ರೆ ಕಣ್ಣಿನ ನರ ಸುಡ್ತದೆ. ಹೆಚ್ಚಾದ್ರೆ ಜೀವವೇ ಹೋಗ್ತದೆ" ಎಂದರು. ಖಂಡಪ್ಪ ಕೂಡ ನಗಲಿಲ್ಲ. "ಒಂದು ಕಡ್ಲಿ ಕಡಿಮಿ ಆಗಿದ್ದಕ್ಕ ಇಷ್ಟೇನ್ರಿ ಸರ?" ಎಂದು ಮೆಲ್ಲಗೆ ಕೇಳಿದ. ಮೂಟೆಯ ಪಕ್ಕದ ಜಾಗ ಖಾಲಿ ಇತ್ತು. ಮಾಸ್ಟ್ರ ಕಣ್ಣು ಒಂದೆರಡು ಸಲ ಆ ಕಡೆ ಹೋಗಿ ಬಂತು. ಅವನಿಗೆ ಆಮೇಲೆ ಹೇಳಿದರಾಯಿತು ಅಂದುಕೊಂಡರು.

ಅಲ್ಲಿಂದ ನೇರ ಕುರ್ಲಾಕ್ಕೆ ಹೋದರು. ಮುಸ್ಸಂಜೆ. ಖೋಲಿಯ ಒಳಗೆ ಧೂಪದ ಹೊಗೆ, ಕೋಳಿ ಸಾರಿನ ಘಾಟು. ಮಣೆಯ ಮೇಲೆ ಬಾಳೆಲೆ. ಮೋನಪ್ಪ ಮಾವ ಸ್ನಾನ ಮಾಡಿ ಬಿಳಿ ಪಂಚೆ ಉಟ್ಟಿದ್ದರು. ಎಲೆಯ ಪಕ್ಕದಲ್ಲಿ ಹಿತ್ತಾಳೆಯ ಗಿಂಡಿ.

ಗಿಂಡಿಯೊಳಗೆ ಏನು ಹಾಕುವುದು ಎಂಬ ಚಿಂತೆ ಮಾವನಿಗೆ ಆ ವಾರವೆಲ್ಲ ಇತ್ತು. ಮುಂಬಯಿಯಲ್ಲಿ ಆಗ ಪಾನನಿಷೇಧ. ಸಿಗುವುದೆಲ್ಲ ಕಳ್ಳಭಟ್ಟಿಯದ್ದು, ಕೊಳೆತ ಹಣ್ಣು, ನವಸಾಗರ, ಇನ್ನೇನೇನೋ ಹಾಕಿ ಇಳಿಸಿದ್ದು. ಮರದಿಂದ ಇಳಿಸಿದ ಕಳ್ಳಿನ ನೊರೆ ಕಂಡಿದ್ದ ಮಾವ, "ಆ ಗಟಾರದ ನೀರನ್ನು ಅಜ್ಜನ ಮುಂದೆ ಇಡ್ಲಿಕ್ಕೆ ನನ್ನಿಂದಾಗ" ಎಂದು ಹಟ ಹಿಡಿದಿದ್ದರು. "ಅದರ ಚಿಂತೆ ಬೇಡ ಮಾವ, ನಾನು ಶುದ್ಧದ್ದು ತರ್ತೇನೆ" ಎಂದಿದ್ದ ಚೆನ್ನಯ. ಇದೆಲ್ಲ ಮಾಸ್ಟ್ರಿಗೆ ತಿಳಿದದ್ದು ಆಮೇಲೆ.

ಆ ಹೊತ್ತಿಗೆ ಅವರು ಕಂಡದ್ದು ಇಷ್ಟೇ: ಮಾವ ಅಜ್ಜನನ್ನು ಕರೆದರು, ಅಳಿಯನಿಗೆ ದಾರಿ ತೋರಿಸಿದೆಯಲ್ಲ ಎಂದು ಕಣ್ಣೊರೆಸಿಕೊಂಡರು. ಬಡಿಸಿದ್ದನ್ನು ಮುಟ್ಟಿ ನಮಸ್ಕರಿಸಿ, ಗಿಂಡಿಯಿಂದ ಸ್ಟೀಲಿನ ಲೋಟಕ್ಕೆ ಬಗ್ಗಿಸಿ ಮೊದಲು ಮಾಸ್ಟ್ರ ಮುಂದೆ ಹಿಡಿದರು. "ಗುರುಗಳು ಮೊದಲು."

"ನಾನು ಮುಟ್ಟುದಿಲ್ಲ ಅಂತ ನಿಮಗೆ ಗೊತ್ತುಂಟಲ್ಲ ಮೋನಪ್ಪಣ್ಣ" ಎಂದು ಮಾಸ್ಟ್ರು ನಕ್ಕರು. ಆದರೂ ಪ್ರಸಾದ. ಲೋಟವನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಕಣ್ಣಿಗೆ ಒತ್ತಿಕೊಂಡು, ತಿರುಗಿ ಕೊಟ್ಟರು.

ಮಾವ ಒಂದು ಗುಟುಕು ಕುಡಿದು ಬಾಯಿ ಚಪ್ಪರಿಸಿದರು. "ಊರಿನದ್ದರ ರುಚಿ ಇಲ್ಲ. ಆದ್ರೆ ಸಾಫ್ ಉಂಟು. ಕಲ್ತವರ ಕೈಯದ್ದಲ್ವಾ!"

ಚೆನ್ನಯ ಮಾಸ್ಟ್ರ ಕಡೆ ನೋಡಿ ನಕ್ಕ. ಮಾಸ್ಟ್ರೂ ನಕ್ಕರು. ಹೊಸ ಕೆಲಸದ ಬಗ್ಗೆ ಮಾವ ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡರು. ಎಲ್ಲಿಂದ ತಂದಿರಿ ಎಂಬ ಒಂದು ಮಾತು ಬಾಯಿಗೆ ಬರಲಿಲ್ಲ. ದೈವದ ಮುಂದೆ ಇಟ್ಟದ್ದನ್ನು ಯಾರು ಹಾಗೆಲ್ಲ ಕೇಳುತ್ತಾರೆ? ಅಗೆಲಿನದ್ದು ಉಳಿಸಬಾರದು, ಹೊಸಿಲು ದಾಟಿಸಬಾರದು ಎಂಬ ಕ್ರಮ. ಅಕ್ಕು ಕೋಳಿ ಸಾರು ಬಡಿಸುತ್ತಾ, "ಲ್ಯಾಬ್‌ವಾಲಾ, ಔರ್ ಚಾಹಿಯೆ?" ಎಂದು ಚೆನ್ನಯನನ್ನು ಕೆಣಕಿದಳು. ಅವಳು ಅವನನ್ನು ಹಾಗೆ ಕರೆದದ್ದು ಅದೇ ಮೊದಲು. ಗಿಂಡಿಯನ್ನು ಮಾವ ಅಳಿಯ ಇಬ್ಬರೇ ಖಾಲಿ ಮಾಡಿದರು.

ಮರುದಿನ ಸಂಜೆ ಮಾಸ್ಟ್ರು ರಾತ್ರಿಶಾಲೆಗೆ ಹೊರಟಿದ್ದರು. ಆಫೀಸಿನ ಮೆಟ್ಟಿಲ ಕೆಳಗೆ ಅಕ್ಕು ನಿಂತಿದ್ದಳು. ಕುರ್ಲಾದಿಂದ ಫೋರ್ಟಿನವರೆಗೆ ಒಬ್ಬಳೇ ಬಂದಿದ್ದಳು. ತಲೆ ಬಾಚಿರಲಿಲ್ಲ.

"ಬಾಬಾ ಉಠ್ ನಹೀಂ ರಹಾ. ಬೆಳಿಗ್ಗೆಯಿಂದ ವಾಂತಿ, ಈಗ ಕರೆದ್ರೆ ಬೋಲ್ತಾ ನಹೀಂ. ಬಾವನಿಗೆ..." ಅವಳು ಕೈಯನ್ನು ತನ್ನ ಮುಖದ ಮುಂದೆ ಆಡಿಸಿ ತೋರಿಸಿದಳು. "ಬಾವ ಹೇಳ್ತಾನೆ, ಸಬ್ ಸಫೇದ್ ಅಂತ. ಹೊಗೆ ಹೊಗೆ ಅಂತ. ಖೋಲಿಯಲ್ಲಿ ಹೊಗೆ ಇಲ್ಲ ಮಾಸ್ಟ್ರೇ."

ಲೋಕಲ್ ಅವತ್ತು ಎಷ್ಟು ನಿಧಾನ ಓಡಿತು ಎನ್ನುವುದು ಮಾಸ್ಟ್ರಿಗೇ ಗೊತ್ತು. ಸಾಯನ್ ಸ್ಟೇಷನ್ ದಾಟುವಾಗಲೇ ಅವರಿಗೆ ಒಳಗೊಳಗೆ ತಿಳಿದುಹೋಗಿತ್ತು. ಆದರೂ ಬೇರೆ ಏನಾದರೂ ಇರಲಿ, ಹಳಸಿದ ಕೋಳಿ ಇರಲಿ, ಕಾಲರಾ ಆದರೂ ಇರಲಿ ಎಂದು ಬೇಡಿಕೊಂಡರು.

ಚೆನ್ನಯ ಗೋಡೆಗೆ ಒರಗಿ ಕೂತಿದ್ದ. ಮಾಸ್ಟ್ರ ಹೆಜ್ಜೆ ಕೇಳಿ ಮುಖ ಎತ್ತಿದ, ಆದರೆ ಸ್ವಲ್ಪ ಪಕ್ಕಕ್ಕೆ ನೋಡಿದ.

"ನಿನ್ನೆ ಎಂತ ಕುಡಿದ್ರಿ ಚೆನ್ನಯ? ಗಿಂಡಿಯಲ್ಲಿ ಎಂತ ಇತ್ತು?"

"ಕಳ್ಳಭಟ್ಟಿಯದ್ದಲ್ಲ ಮಾಸ್ಟ್ರೇ. ನೀವು ಹೆದರ್ಬೇಡಿ. ಲ್ಯಾಬಿನದ್ದು, ಶುದ್ಧ. ನಾನೇ ಒಂದು ಬಾಟ್ಲಿ ತುಂಬಿಸಿದ್ದು, ನೀರು ಬೆರೆಸಿದ್ದು." ಅವನ ಸ್ವರದಲ್ಲಿ ಆಗಲೂ ಒಂದು ಸಣ್ಣ ಹೆಮ್ಮೆ ಇತ್ತು. "ಆಲ್ಕೊಹಾಲೇ. ನೀವೇ ಕಲಿಸಿದ್ದಲ್ವಾ, ಕೊನೆಗೆ 'ಆಲ್' ಬಂದ್ರೆ ಅದೇ ಕುಟುಂಬ ಅಂತ. ಮೆಥನಾಲ್."

ಮಾಸ್ಟ್ರು ಟ್ಯಾಕ್ಸಿ ತರಲಿಕ್ಕೆ ಹೊರಗೆ ಓಡಿದರು.

ದೊಡ್ಡಾಸ್ಪತ್ರೆಯ ಬಾಗಿಲಲ್ಲಿ ಡಾಕ್ಟರು ಸಣ್ಣ ವಯಸ್ಸಿನವನು. ಏನು ಕುಡಿದರು ಎಂದು ಯಾರೂ ಸರಿಯಾಗಿ ಹೇಳದ ರೋಗಿಗಳನ್ನು ಕಂಡು ಕಂಡು ಬೇಸತ್ತವನು. ಮಾಸ್ಟ್ರು ಒಂದೇ ಮಾತಿನಲ್ಲಿ ಹೆಸರು ಹೇಳಿದರು. ಅವನು ಒಳಗೆ ಓಡಿದ. ಅದಕ್ಕೆ ಮದ್ದು ಕೂಡ ಆಲ್ಕೊಹಾಲೇ, ಎರಡು ಕಾರ್ಬನ್ನಿನದ್ದು. ರಕ್ತಕ್ಕೆ ಅದನ್ನು ಹನಿ ಹನಿಯಾಗಿ ಬಿಟ್ಟರೆ ಒಂದು ಕಾರ್ಬನ್ನಿನದ್ದು ವಿಷವಾಗುವುದು ತಡವಾಗುತ್ತದೆ. ಮಾಸ್ಟ್ರಿಗೆ ಇದೂ ಗೊತ್ತಿತ್ತು.

ಮೋನಪ್ಪ ಮಾವನಿಗೆ ಅದು ತಲುಪುವ ಮೊದಲೇ ಎಲ್ಲ ಮುಗಿದಿತ್ತು. ಚೆನ್ನಯನ ಜೀವ ಉಳಿಯಿತು. ಕಣ್ಣು ಉಳಿಯಲಿಲ್ಲ.

"ನೀವು ಹೆಸರು ಹೇಳಿದ್ದು ಒಳ್ಳೇದಾಯಿತು, ಇಲ್ಲದಿದ್ದರೆ ಇವನೂ ಹೋಗುತ್ತಿದ್ದ" ಎಂದು ಡಾಕ್ಟರು ಇಂಗ್ಲಿಷಿನಲ್ಲಿ ಹೇಳಿ ಮಾಸ್ಟ್ರ ಕೈ ಕುಲುಕಿದ. ಬೆಂಚಿನ ಮೇಲೆ ಕೂತಿದ್ದ ಅಕ್ಕುವಿಗೆ ಅದು ಅರ್ಥವಾಯಿತು.

"ಹೆಸರು," ಎಂದಳು. ಮತ್ತೆ ಅವಳ ಬಾಯಿಂದ ಬಂದದ್ದು ಪೂರ್ತಿ ಕನ್ನಡವೇ, ಒಂದೊಂದೇ ಶಬ್ದ ಹುಡುಕಿ ಹುಡುಕಿ. "ಹೆಸರು ಕಲಿಸಿದ್ರಿ. ಅದು ಏನು ಮಾಡ್ತದೆ ಅಂತ ಯಾಕೆ ಕಲಿಸ್ಲಿಲ್ಲ ಮಾಸ್ಟ್ರೇ?"

ಕಲಿಸಿದ್ದೆ, ಮರುವಾರ, ಅಗೆಲಿನ ದಿನವೇ ಮಧ್ಯಾಹ್ನ. ಅದನ್ನು ಹೇಳಿದರೆ ಇನ್ನೂ ಕೆಟ್ಟದಾಗುತ್ತದೆ ಎಂದು ತಿಳಿದು ಮಾಸ್ಟ್ರು ತಲೆ ತಗ್ಗಿಸಿದರು.

ಕಾರ್ಖಾನೆಯವರು ಕದ್ದ ಮಾಲು ಎಂದು ಕೈ ತೊಳೆದುಕೊಂಡರು. ಭಾನುವಾರದ ಕ್ಲಾಸನ್ನು ಮಾಸ್ಟ್ರು ನಿಲ್ಲಿಸಿಬಿಟ್ಟರು. ಅಡುಗೆಯವರು ರೂಢಿಯ ಮೇಲೆ ನೆನೆಸಿಟ್ಟ ಕಡಲೆ ಉಸಳಿಯಾಗಿ ಗಿರಾಕಿಗಳ ತಟ್ಟೆಗೆ ಹೋಯಿತು. ಫೋರ್ಟಿನ ಆಫೀಸಿನಲ್ಲಿ ಟೈಪ್ ಮಾಡುತ್ತಾ ಕೂತಾಗ ಅವರ ಎರಡೂ ಕೈ ಲೋಟ ಹಿಡಿದ ಹಾಗೆ ತಾವಾಗಿ ಮೇಲೆದ್ದು ಕಣ್ಣಿಗೆ ಒತ್ತಿಕೊಳ್ಳುತ್ತಿದ್ದವು. ಪಕ್ಕದವರು ಕನ್ನಡಕ ಬದಲಿಸಿ ಎಂದರು.

ಕೊನೆಗೆ ಒಂದು ಭಾನುವಾರ ಖಂಡಪ್ಪ ಅವರ ಖೋಲಿಗೇ ಬಂದ. "ಏಳ್ರಿ ಸರ. ಎಲ್ಲಾರೂ ಅಟ್ಟದ ಮ್ಯಾಲ ಕುಂತಾರ. ನೀವು ಬರದಿದ್ರ ನಾನs ಪಾಠ ಹೇಳ್ತೀನಿ, ಎಲ್ಲಾ ಎರಡು-ಇಥೈಲ್ ಪೆಂಟೇನ್ ಆಗ್ತಾವ ನೋಡ್ರಿ." ನಗಿಸಲಿಕ್ಕೆ ನೋಡಿದ, ನಗು ಬರಲಿಲ್ಲ. ಆಮೇಲೆ ತಗ್ಗಿದ ದನಿಯಲ್ಲಿ, "ಚೆನ್ನಯ ಬಂದಾನ್ರಿ. ಇವತ್ತು ಸಂಜಿ ಬಸ್ಸಿಗೆ ಊರಿಗೆ ಹೊಂಟಾರ, ಅವನೂ ಅಕ್ಕೂನೂ" ಎಂದ.

ಅಟ್ಟದ ಮೇಲೆ ಚೆನ್ನಯ ತನ್ನ ಹಳೆಯ ಜಾಗದಲ್ಲೇ ಕೂತಿದ್ದ, ಅಕ್ಕಿ ಮೂಟೆಗೆ ಒರಗಿ. ಯಾರೋ ಇಸ್ತ್ರಿ ಮಾಡಿಕೊಟ್ಟ ಅಂಗಿ. ಏಣಿಯ ಹತ್ತಿರ ಟ್ರಂಕಿನ ಮೇಲೆ ಅಕ್ಕು. ಮಾಸ್ಟ್ರನ್ನು ನೋಡಿ ಮುಖ ತಿರುಗಿಸಲಿಲ್ಲ.

ಮಾಸ್ಟ್ರು ಹಲಗೆಯ ಮುಂದೆ ಹೋಗಿ ನಿಂತರು. ಯಾರೋ ಕೆಳಗಿನಿಂದ ಬೋಗುಣಿ ತಂದಿಟ್ಟರು.

"ಬೋಗುಣಿ ಇಲ್ಲಿ ಕೊಡಿ" ಎಂದ ಚೆನ್ನಯ.

ಅವನು ಕೈ ಅದ್ದಿ ಒಂದು ಕಾಳು ತೆಗೆದ. ಹೆಬ್ಬೆರಳಿನಿಂದ ಸವರಿದ. "ಮೂಗುಂಟು. ಕಡಲೆ." ಇನ್ನೊಂದು, ಮತ್ತೊಂದು ತೆಗೆದು ಬಿಟ್ಟ. ಬಹಳ ಹೊತ್ತು ಹುಡುಕಿದ ಮೇಲೆ, "ಇದು ಉರುಟು. ಬಟಾಣಿ" ಎಂದ. ಕಡ್ಡಿಯ ತುಂಡು ಕೇಳಿ ಪಡೆದು ಎರಡನ್ನೂ ಚುಚ್ಚಿದ. ಬೆರಳಿಗೆ ಕಡ್ಡಿ ತಾಗಿತು, ಕೈ ಹಿಂದೆ ತೆಗೆಯಲಿಲ್ಲ. ಮಾಸ್ಟ್ರು ಇದ್ದಾರೆಂದು ಅವನು ಅಂದುಕೊಂಡ ದಿಕ್ಕಿಗೆ ಅದನ್ನು ಎತ್ತಿ ಹಿಡಿದ.

"ಇದರ ಹೆಸರು ನನಗೆ ಗೊತ್ತುಂಟು. ಆ ಭಾನುವಾರ ನಾನು ಬರ್ಲಿಲ್ಲ ಅಲ್ವಾ ಮಾಸ್ಟ್ರೇ? ಅವತ್ತಿನ ಪಾಠ ಹೇಳಿ."

ಕೆಳಗೆ ಹೋಟೆಲಿನಲ್ಲಿ ಯಾರೋ "ದೋ ಸ್ಪೆಷಲ್ ಚಾಯ್" ಎಂದು ಕೂಗಿದ್ದು ಕೇಳಿತು.

"ಬಾವ, ಬಸ್ ಕಾ ಟೈಮ್..." ಎಂದಳು ಅಕ್ಕು. ಅಷ್ಟಕ್ಕೇ ನಿಲ್ಲಿಸಿದಳು.

ಮಾಸ್ಟ್ರು ಚಾಕ್ ಎತ್ತಿಕೊಂಡು ಹಲಗೆಯ ಮೇಲೆ ಒಂದು ಕಾರ್ಬನ್ ಬರೆದರು. ಯಾರಿಗಾಗಿ ಬರೆಯುತ್ತಿದ್ದೇನೆ ಎಂದು ನೆನಪಾಯಿತು. ಅಂಗೈಯಿಂದಲೇ ಒರೆಸಿದರು. ಹೋಗಿ ಚೆನ್ನಯನ ಎದುರು ನೆಲದ ಮೇಲೆ ಕೂತು, ಕಡಲೆ ಬಟಾಣಿ ಹಿಡಿದಿದ್ದ ಅವನ ಕೈಯನ್ನು ತಮ್ಮ ಕೈಯೊಳಗೆ ತೆಗೆದುಕೊಂಡರು.

"ಇದು ನೀರಿನ ಹಾಗೆ ಕಾಣ್ತದೆ," ಎಂದು ಶುರು ಮಾಡಿದರು. "ವಾಸನೆ ಸ್ಪಿರಿಟ್ಟಿನ ಹಾಗೆ. ಬಣ್ಣ ಕರಗಿಸ್ಲಿಕ್ಕೆ, ಮೆರುಗೆಣ್ಣೆಗೆ ಬಳಸ್ತಾರೆ. ಹೊಟ್ಟೆಗೆ ಹೋದ್ರೆ ಮೊದಲು ಏನೂ ಗೊತ್ತಾಗುದಿಲ್ಲ. ಒಂದು ರಾತ್ರಿ ಸುಮ್ಮನಿರ್ತದೆ..." ನಿಲ್ಲಿಸಿದರು.

"ಹೇಳಿ ಮಾಸ್ಟ್ರೇ. ಪೂರ್ತಿ ಹೇಳಿ."

ಪೂರ್ತಿ ಹೇಳಿದರು. ಅದು ಮೈಯೊಳಗೆ ಏನಾಗುತ್ತದೆ, ಎಲ್ಲಿಗೆ ಹೋಗುತ್ತದೆ, ಕಣ್ಣನ್ನೇ ಯಾಕೆ ಹಿಡಿಯುತ್ತದೆ, ಯಾವುದನ್ನೂ ಬಿಡಲಿಲ್ಲ. ಚೆನ್ನಯ ಮೊದಲಿನ ಹಾಗೆ ಕತ್ತು ಸ್ವಲ್ಪ ವಾಲಿಸಿ ಕೇಳಿದ. ಒಂದು ಕಡೆ ಮಾತ್ರ ತಡೆದು ಕೇಳಿದ:

"ಕುಡಿಯುವಂಥದ್ದಕ್ಕೂ ಇದಕ್ಕೂ ಒಂದೇ ಕಡಲೆಯ ಫರಕಾ?"

"ಒಂದೇ."

"ಮಾವನಿಗೆ ನೋವಾಗಿರ್ಬಹುದಾ?"

ಮಾಸ್ಟ್ರು ಬಾಯಿ ತೆರೆದರು. ಉತ್ತರ ಹೇಳಿದ್ದು ಅಕ್ಕು. "ನಹೀಂ. ಸೋ ಗಯಾ ಥಾ, ನಿದ್ದೆಯಲ್ಲೇ ಇದ್ರು. ನಾನು ಪಕ್ಕದಲ್ಲೇ ಇದ್ದೆ."

ಚೆನ್ನಯ ತಲೆ ಆಡಿಸಿದ. ಕಡ್ಡಿಯಿಂದ ಎರಡು ಕಾಳನ್ನೂ ಬಿಡಿಸಿದ. "ಖಂಡಪ್ಪ, ಎಲ್ಲಿದ್ದಿ ಮಾರಾಯ? ಪಾಠ ಮುಗೀತು. ತಿನ್ನು. ಬರೀ ಕಾಳು ಇದು."

ಖಂಡಪ್ಪ ಬಂದು ಆ ಅಂಗೈಯಿಂದ ಕಾಳು ತೆಗೆದುಕೊಂಡು ಬಾಯಿಗೆ ಹಾಕಿಕೊಂಡ. ಅಗಿದ. ಅಗಿಯುತ್ತಲೇ ಇದ್ದ.

ಟ್ರಂಕನ್ನು ಇಬ್ಬರು ಕೆಳಗಿಳಿಸಿದರು. ಅಕ್ಕು ಏಣಿಯಲ್ಲಿ ಮೊದಲು ಇಳಿದು, ಚೆನ್ನಯನ ಹಿಮ್ಮಡಿಯನ್ನು ಒಂದೊಂದೇ ಮೆಟ್ಟಿಲ ಮೇಲೆ ತಾನೇ ಇಟ್ಟಳು. ಮಾಸ್ಟ್ರು ಬೋಗುಣಿಯ ಮುಂದೆ ಕೂತಲ್ಲೇ ಇದ್ದರು. ಕೆಳಗಿನಿಂದ ಅವಳ ಸ್ವರ ಬರುತ್ತಿತ್ತು.

"ಔರ್ ಏಕ್, ಬಾವ. ಔರ್ ಏಕ್. ಹಾಂ, ನೆಲ ಬಂತು."